ಒಂದು ಪಾಸ್‌ಬುಕ್ಕಿನ ಮೂರು ಹೆಸರು

ಇಂದಿರಾನಗರವೆಂಬ ಬಡಾವಣೆ ರೂಪುಗೊಂಡದ್ದು 1970ರ ದಶಕದ ಕೊನೆಯ ಭಾಗದಲ್ಲಿ. ಅದಕ್ಕೆ ಯಾರ ಹೆಸರನ್ನಿಟ್ಟರೋ ಆ ಶ್ರೀಮತಿ ಇಂದಿರಾ ಗಾಂಧಿಯವರು ಪ್ರಧಾನಿಯಾಗಿದ್ದಾಗಲೇ, 1969ರ ಜುಲೈ 19ರಂದು, ದೇಶದ 14 ದೊಡ್ಡ ಬ್ಯಾಂಕುಗಳು ಸರ್ಕಾರದ ಸ್ವತ್ತಾದುವು. 50 ಕೋಟಿ ರೂಪಾಯಿ ಠೇವಣಿಯ ಮಟ್ಟವನ್ನು ಮುಟ್ಟಿದ್ದವುಗಳಿಗೆ ಮಾತ್ರ ಈ ಯೋಗ. ಕನ್ನಡನಾಡಿನ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಪಟ್ಟಿಯಲ್ಲಿದ್ದುವು. ಬೆಂಗಳೂರಿನ ವೈಶ್ಯ ಬ್ಯಾಂಕು ಇರಲಿಲ್ಲ. 1930ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ವರ್ತಕರ ಆಶ್ರಯದಲ್ಲಿ ಮೆಲ್ಲಮೆಲ್ಲನೆ ಬೆಳೆದ ಸಂಸ್ಥೆ ಅದು. 1980ರ ಏಪ್ರಿಲ್ 15ರಂದು ಇನ್ನೂ 6 ಬ್ಯಾಂಕುಗಳ ಸರದಿ ಬಂದಿತು. ಈ ಸಲ ಮಿತಿ 200 ಕೋಟಿ. ವಿಜಯಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಹೋದುವು, ವೈಶ್ಯ ಬ್ಯಾಂಕು ಮತ್ತೆ ಉಳಿಯಿತು. ಚಿಕ್ಕದಾಗಿದ್ದುದೇ ಅದಕ್ಕೆ ಶ್ರೀರಕ್ಷೆಯಾಯಿತೆಂದು ಅಂದು ಯಾರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಸರ್ಕಾರ ಮುಟ್ಟದೆ ಬಿಟ್ಟ ಸ್ವತ್ತು ಎಂದಾದರೊಂದು ದಿನ ಮಾರಾಟಕ್ಕೂ ಒದಗುತ್ತದೆ.

ಕೊಳ್ಳುವವರು ಬಂದದ್ದು ಸಮುದ್ರದಾಚೆಯಿಂದ. ಹಾಲೆಂಡಿನ ಐ.ಎನ್.ಜಿ. ಸಮೂಹದ ಜಾತಕವೇ ವಿಚಿತ್ರವಾದುದು. ಇತರರನ್ನು ಕೂಡಿಸಿಕೊಳ್ಳುವುದರಿಂದಲೇ ಅದರ ಜನನ, ಅದರಿಂದಲೇ ಬೆಳವಣಿಗೆ. 1991ರಲ್ಲಿ ಅಲ್ಲಿನ ಒಂದು ದೊಡ್ಡ ವಿಮಾ ಕಂಪೆನಿಯೂ ಒಂದು ಬ್ಯಾಂಕೂ ಒಂದಾಗಿ ಈ ಸಮೂಹವಾಯಿತು. ಆ ಬ್ಯಾಂಕಿನ ಹೊಟ್ಟೆಯೊಳಗೆ ಅಷ್ಟು ಹೊತ್ತಿಗಾಗಲೇ ಹಾಲೆಂಡಿನ ಅಂಚೆ ಉಳಿತಾಯ ಬ್ಯಾಂಕು ಸೇರಿತ್ತು. 1881ರಿಂದ ಬಡವರೂ ಮಧ್ಯಮ ವರ್ಗದವರೂ ಕೂಡಿಟ್ಟ ಚಿಲ್ಲರೆ ಹಣ! ಇಂಥ ಬುನಾದಿಯ ಮೇಲೆ ನಿಂತವರು 1995ರಲ್ಲಿ ಲಂಡನ್ನಿನ ಬೇರಿಂಗ್ಸ್ ಬ್ಯಾಂಕನ್ನು ಕೊಂಡರು. ಅದು 1762ರಲ್ಲಿ ಸ್ಥಾಪನೆಯಾದ ಮನೆತನ. ಸಿಂಗಪುರದ ಕಛೇರಿಯಲ್ಲಿದ್ದ ನಿಕ್ ಲೀಸನ್ ಎಂಬ ಒಬ್ಬನೇ ಉದ್ಯೋಗಿಯ ಸಟ್ಟಾ ವ್ಯವಹಾರದಿಂದ 82 ಕೋಟಿ ಪೌಂಡಿಗೂ ಹೆಚ್ಚು ನಷ್ಟವಾಗಿ ಮುಳುಗಿತು. ಐ.ಎನ್.ಜಿ. ಕೊಟ್ಟ ಬೆಲೆ ಒಂದು ಪೌಂಡು. ಇದು ಅಚ್ಚಿನ ತಪ್ಪಲ್ಲ. ಬೇರಿಂಗ್ಸಿನ ಸಾಲಗಳನ್ನು ಹೊತ್ತುಕೊಂಡಿತಾದ್ದರಿಂದ ಬೆಲೆ ನಾಮಮಾತ್ರವಾಯಿತು.

1998ರ ವೇಳೆಗೆ ಬೆಲ್ಜಿಯಮ್ಮಿನ ಬ್ಯಾಂಕ್ ಬ್ರಸೆಲ್ಸ್ ಲ್ಯಾಂಬರ್ಟ್ ಕೂಡ ಇದೇ ಸಂಸಾರಕ್ಕೆ ಬಂದಿತು. ನಮ್ಮ ವೈಶ್ಯ ಬ್ಯಾಂಕಿನಲ್ಲಿ ಪಾಲು ಹೊಂದಿದ್ದುದು ಈ ಬೆಲ್ಜಿಯಂ ಬ್ಯಾಂಕೇ. ಮನೆಗೆ ಬಂದ ಸೊಸೆಯ ಹಿಂದೆ ಬಳುವಳಿಯೂ ಬರುವಂತೆ, ಬೆಂಗಳೂರಿನ ಪಾಲು ಹಾಲೆಂಡಿನವರ ಕೈಸೇರಿತು. ಪ್ರವರ್ತಕರಲ್ಲಿ ಪ್ರಮುಖರಾಗಿದ್ದ ಜಿ.ಎಂ.ಆರ್. ಸಮೂಹದವರೂ ತಮ್ಮ ಷೇರುಗಳನ್ನು ಮಾರಿದ ಮೇಲೆ, 2002ರಲ್ಲಿ ಆಡಳಿತವೆಲ್ಲ ಐ.ಎನ್.ಜಿ.ಯದಾಯಿತು. ಮಹಾತ್ಮ ಗಾಂಧಿ ರಸ್ತೆಯ ಪ್ರಧಾನ ಕಛೇರಿಯ ಮೇಲೆ ಕಿತ್ತಳೆ ಬಣ್ಣದ ಸಿಂಹ ಬಂದು ಕುಳಿತಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹೊಸ ಯಜಮಾನರು ಹಳೆಯ ಹೆಸರನ್ನು ಅಳಿಸಲಿಲ್ಲ, 'ಐ.ಎನ್.ಜಿ. ವೈಶ್ಯ' ಎಂದು ಜೋಡಿಸಿದರು. ಅವರು ಜಾಣರು. ಕಟ್ಟಡ, ಮೇಜು, ತಿಜೋರಿಗಳಿಗಾಗಿ ಯಾರೂ ಬ್ಯಾಂಕು ಕೊಳ್ಳುವುದಿಲ್ಲ. ಕೊಳ್ಳುವುದು ಊರಿನವರ ನಂಬಿಕೆಯನ್ನು, ಆ ನಂಬಿಕೆ ಅಂಟಿಕೊಂಡಿದ್ದುದು 'ವೈಶ್ಯ' ಎಂಬ ಎರಡಕ್ಷರಕ್ಕೆ. ನೂರಡಿ ರಸ್ತೆಯ ಆಸುಪಾಸಿನಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದ ಸಂಸಾರವೊಂದು ಈ ಬ್ಯಾಂಕಿನಲ್ಲಿ ಮಗಳ ಮದುವೆಗೆಂದು ಠೇವಣಿಯಿಟ್ಟಿತ್ತೆಂದು ಭಾವಿಸಿದರೆ, ಆ ಮನೆಯ ಯಜಮಾನನ ಪಾಸ್‌ಬುಕ್ಕಿನ ರಟ್ಟು ಬದಲಾಯಿತೇ ಹೊರತು ಮನಸ್ಸು ಬದಲಾಗಲಿಲ್ಲ.

ಎರಡನೆಯ ಬದಲಾವಣೆಗೆ ಕಾರಣ ಇಂದಿರಾನಗರದಲ್ಲಿರಲಿಲ್ಲ, ಭಾರತದಲ್ಲಿಯೂ ಇರಲಿಲ್ಲ. 2008ರ ಜಾಗತಿಕ ಮುಗ್ಗಟ್ಟಿನಲ್ಲಿ ಇಷ್ಟು ದೊಡ್ಡ ಐ.ಎನ್.ಜಿ.ಯೇ ತತ್ತರಿಸಿ, ಹಾಲೆಂಡ್ ಸರ್ಕಾರದಿಂದ 1,000 ಕೋಟಿ ಯೂರೋ ನೆರವು ಪಡೆಯಬೇಕಾಯಿತು. ಪ್ರತಿಯಾಗಿ ಐರೋಪ್ಯ ಒಕ್ಕೂಟ ವಿಧಿಸಿದ ಷರತ್ತುಗಳಿಗೆ ಒಪ್ಪಿ, ವಿಮಾ ವ್ಯವಹಾರದಂಥ ದೊಡ್ಡ ಅಂಗಗಳನ್ನೇ ಮಾರತೊಡಗಿತು. ಬಡ್ಡಿ, ಹೆಚ್ಚುವರಿಗಳೂ ಸೇರಿ 1,350 ಕೋಟಿ ಯೂರೋ ತೆತ್ತು, 2014ರ ನವೆಂಬರಿನಲ್ಲಿ ಋಣಮುಕ್ತವಾಯಿತು. ಅದೇ ತಿಂಗಳಲ್ಲಿ ವೈಶ್ಯ ಬ್ಯಾಂಕು ಮುಂಬಯಿಯ ಕೋಟಕ್ ಮಹೀಂದ್ರ ಬ್ಯಾಂಕಿನಲ್ಲಿ ಲೀನವಾಗುವುದೆಂಬ ಘೋಷಣೆಯೂ ಹೊರಬಿದ್ದಿತು. 1,000 ಷೇರಿಗೆ ಕೋಟಕ್‌ನ 725 ಷೇರು ಎಂದು ಲೆಕ್ಕವಾಯಿತು. 2003ರಲ್ಲಷ್ಟೇ ಬ್ಯಾಂಕಾಗಿದ್ದ ಸಂಸ್ಥೆ, 1930ರ ಹಿರಿಯನನ್ನು 2015ರ ಏಪ್ರಿಲ್ 1ರಂದು ನುಂಗಿತು. ಈ ಬಾರಿ 'ವೈಶ್ಯ' ಎಂಬ ಹೆಸರೂ ಉಳಿಯಲಿಲ್ಲ. ಷೇರುದಾರರು ಮತ ಹಾಕಿದರು. ಠೇವಣಿದಾರರನ್ನು ಕೇಳುವ ಪದ್ಧತಿಯೇ ಇಲ್ಲ.

ಇದನ್ನು ಪರದೇಶಿಗಳ ಆಟವೆಂದು ತಳ್ಳಿಹಾಕುವಂತಿಲ್ಲ. ಮಾತ್ಸ್ಯನ್ಯಾಯ ನಮ್ಮ ಮನೆಯದೇ ಮಾತು. 1931ರಲ್ಲಿ ಮಂಗಳೂರಿನಲ್ಲಿ ಎ. ಬಿ. ಶೆಟ್ಟಿಯವರ ಮುಂದಾಳ್ತನದಲ್ಲಿ ಹುಟ್ಟಿದ ವಿಜಯಾ ಬ್ಯಾಂಕು, 1963ರಿಂದ 1968ರೊಳಗೆ 9 ಚಿಕ್ಕ ಬ್ಯಾಂಕುಗಳನ್ನು ಒಳಗೊಂಡು ದೊಡ್ಡದಾಯಿತು. 2019ರಲ್ಲಿ ತಾನೇ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋಯಿತು. 1913ರ ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿಗೆ ಸಂದಿತು. ಉಡುಪಿಯ ಎರಡು ಹೆಮ್ಮೆಗಳಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೂ 2020ರಲ್ಲಿ ಸೇರಿದುವು. ಈ ನಾಲ್ಕಕ್ಕೂ ಏಪ್ರಿಲ್ 1ನೆಯ ತಾರೀಖೇ ಮುಹೂರ್ತ. ಲೆಕ್ಕದ ಹೊಸ ವರ್ಷವೆಂಬುದು ನಿಜ. ಆದರೂ ತಾರೀಖನ್ನು ಕಂಡು ನಗು ಬಾರದಿರದು.

ಇವುಗಳಿಂದ ಠೇವಣಿದಾರನ ಹಣ ಕರಗಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಮುಳುಗುವುದಕ್ಕಿಂತ ಸೇರಿಹೋಗುವುದು ಎಷ್ಟೋ ಲೇಸು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಬಾಗಿಲು ಮುಚ್ಚಿದಾಗ ಸಾವಿರಾರು ಸಂಸಾರಗಳು ಕಣ್ಣೀರಿಟ್ಟುವು. ಅದಾದ ಮೇಲೆಯೇ ಠೇವಣಿ ವಿಮೆಯ ಕಾನೂನು ಬಂದು, 1962ರ ಜನವರಿ 1ರಿಂದ ತಲೆಗೆ 1,500 ರೂಪಾಯಿಗಳವರೆಗೆ ಭರವಸೆ ದೊರೆಯಿತು. 2020ರ ಫೆಬ್ರವರಿಯಲ್ಲಿ ಆ ಮಿತಿಯನ್ನು ಅಸಲು ಬಡ್ಡಿಗಳೆರಡೂ ಸೇರಿ 5 ಲಕ್ಷಕ್ಕೆ ಏರಿಸಿದರು.

ಆದರೆ ವಿಲೀನದ ಸದ್ದಿಲ್ಲದ ಪೆಟ್ಟು ಬೀಳುವುದು ಈ ವಿಮೆಯ ಮೇಲೆಯೇ. ವಿಮೆಯನ್ನು ಎಣಿಸುವುದು ಒಬ್ಬ ಠೇವಣಿದಾರನಿಗೆ, ಒಂದು ಬ್ಯಾಂಕಿಗೆ ಇಷ್ಟು ಎಂದು. ಶಾಖೆಗೆ ಇಷ್ಟು ಎಂದಲ್ಲ. ಕೆನರಾದಲ್ಲಿ 5 ಲಕ್ಷ, ಸಿಂಡಿಕೇಟಿನಲ್ಲಿ 5 ಲಕ್ಷ ಎಂದು ಮುಂದಾಲೋಚನೆಯಿಂದ ಹಂಚಿಟ್ಟಿದ್ದ ಗೃಹಸ್ಥನಿಗೆ ಎರಡೂ ಒಂದಾದ ಮೇಲೆ ಉಳಿದ ರಕ್ಷೆ ಒಟ್ಟು 5 ಲಕ್ಷ ಮಾತ್ರ. ಕೆನರಾದಂಥ ಸರ್ಕಾರಿ ಬ್ಯಾಂಕಿನ ವಿಷಯದಲ್ಲಿ ಇದರಿಂದ ನಿದ್ದೆಗೆಡಬೇಕಾಗಿಲ್ಲ. ಎಲ್ಲ ಬ್ಯಾಂಕುಗಳ ಬಗ್ಗೆಯೂ ಹಾಗೆನ್ನಲಾಗದು. ಹೆಂಡತಿಯ ಹೆಸರಿನಲ್ಲಿರುವ ಖಾತೆಗೆ ಬೇರೆ ಎಣಿಕೆ, ಗಂಡಹೆಂಡಿರ ಜಂಟಿ ಖಾತೆಗೆ ಮತ್ತೊಂದು. ಬ್ಯಾಂಕಿನ ಫಲಕ ಬದಲಾದ ವಾರದಲ್ಲಿಯೇ, ಕಪಾಟಿನಲ್ಲಿರುವ ರಸೀದಿಗಳನ್ನೆಲ್ಲ ಒಂದೆಡೆ ಹರವಿಕೊಂಡು ಕುಳಿತು, ಯಾವ ಯಾವ ಬ್ಯಾಂಕು ಈಗ ಯಾವುದರೊಳಗಿದೆಯೆಂದು ಗುರುತು ಹಾಕಿಕೊಳ್ಳುವುದು ಅರ್ಧ ಗಂಟೆಯ ಕೆಲಸ.