ಉಪಗ್ರಹವು ಕಾಣದ ಬೆಂಕಿ

ವರ್ಷವರ್ಷವೂ ಅಕ್ಟೋಬರ್‌, ನವೆಂಬರ್‌ ತಿಂಗಳುಗಳಲ್ಲಿ ಪಂಜಾಬ್‌ ಹರಿಯಾಣಗಳ ಗದ್ದೆಗಳಲ್ಲಿ ಭತ್ತದ ಕೂಳೆಗೆ ಬೆಂಕಿ ಬೀಳುತ್ತದೆ. ವಾಯವ್ಯದ ಗಾಳಿಯು ಅದರ ಹೊಗೆಯನ್ನು ದೆಹಲಿಯವರೆಗೂ ಹೊತ್ತು ತರುತ್ತದೆ. ಎಷ್ಟು ಕಡೆ ಬೆಂಕಿ ಹೊತ್ತಿತೆಂಬುದನ್ನು ಉಪಗ್ರಹಗಳ ನೆರವಿನಿಂದ ಎಣಿಸುತ್ತಾರೆ. ಪತ್ರಿಕೆಗಳು ಆ ಸಂಖ್ಯೆಯನ್ನು ಅಚ್ಚುಹಾಕುತ್ತವೆ. ಈಚಿನ ವರ್ಷಗಳಲ್ಲಿ ಈ ಸಂಖ್ಯೆ ಬಹಳವಾಗಿ ಇಳಿದಿದೆ. ಹಾಗೆಂದು ಬೆಂಕಿಯೂ ಅಷ್ಟೇ ಇಳಿಯಿತೆಂದು ನಂಬಬಹುದೆ? ನಂಬಲಾಗದೆಂದೇ ನನ್ನ ಅಭಿಪ್ರಾಯ.

ಉಪಗ್ರಹವು ಬೆಂಕಿಯನ್ನು ಕಾಣುವ ಬಗೆಯನ್ನು ಮೊದಲು ತಿಳಿಯೋಣ. ಪ್ರತಿಯೊಂದು ವಸ್ತುವೂ ತನ್ನ ಉಷ್ಣಕ್ಕೆ ತಕ್ಕ ಕಿರಣಗಳನ್ನು ಸೂಸುತ್ತದೆ. ಉಷ್ಣ ಏರಿದಂತೆ ಅವುಗಳ ಅಲೆಯುದ್ದ ಕಿರಿದಾಗುತ್ತದೆ. ಸಾಧಾರಣ ನೆಲವು ಹೆಚ್ಚಾಗಿ ಸೂಸುವುದು ಸುಮಾರು 10 ಮೈಕ್ರಾನ್‌ ಅಲೆಯುದ್ದದ ಅವಕೆಂಪು ಕಿರಣಗಳನ್ನು. ಉರಿಯುವ ಹುಲ್ಲಾದರೋ ಸುಮಾರು 4 ಮೈಕ್ರಾನಿನ ಕಿರಣಗಳಲ್ಲಿ ಎದ್ದು ಕಾಣುತ್ತದೆ. 2011ರಲ್ಲಿ ಅಮೆರಿಕವು ಹಾರಿಸಿದ ಸುವೋಮಿ ಎನ್‌ಪಿಪಿ ಉಪಗ್ರಹದಲ್ಲಿಯೂ ಅದರ ತರುವಾಯ ಬಂದ ಅದೇ ಜಾತಿಯ ಉಪಗ್ರಹಗಳಲ್ಲಿಯೂ ಇರಿಸಿದ ಉಪಕರಣವು ನೆಲವನ್ನು ಸುಮಾರು 375 ಮೀಟರ್‌ ಅಗಲದ ಚೌಕಗಳಾಗಿ ನೋಡಿ, ಇಂಥ ಕಿರಣ ಹೆಚ್ಚಾದ ಚೌಕವನ್ನು ಬೆಂಕಿಯೆಂದು ಗುರುತಿಸುತ್ತದೆ.

ಉಪಕರಣ ಚೆನ್ನಾದುದೇ, ತೊಡಕಿರುವುದು ವೇಳೆಯಲ್ಲಿ. ಧ್ರುವಗಳ ಮೇಲೆ ಹಾದು ಸುತ್ತುವ ಈ ಉಪಗ್ರಹಗಳು ಒಂದು ಪ್ರದೇಶವನ್ನು ನೋಡುವುದು ಹಗಲು ಸುಮಾರು ಒಂದೂವರೆ ಗಂಟೆಗೆ, ಮತ್ತೆ ರಾತ್ರಿ ಒಂದೂವರೆಗೆ. ಕೂಳೆಯ ಬೆಂಕಿ ಬೇಗನೆ ಉರಿದು ಆರುವಂಥದು. ಸಂಜೆ ನಾಲ್ಕಕ್ಕೆ ಹಚ್ಚಿದ್ದು ಎಣಿಕೆಗೆ ಸಿಕ್ಕದೆಯೇ ಹೋಗಬಹುದು. ಸುಮಾರು 36,000 ಕಿಲೋಮೀಟರ್‌ ಎತ್ತರದಲ್ಲಿರುವ ಕೊರಿಯದ ಭೂಸ್ಥಿರ ಉಪಗ್ರಹವು ಹತ್ತು ನಿಮಿಷಕ್ಕೊಮ್ಮೆ ಚಿತ್ರ ತೆಗೆಯುತ್ತದೆ. 2024ರಲ್ಲಿ ನಾಸಾ ಸಂಸ್ಥೆಯ ವಿಜ್ಞಾನಿ ಹಿರೇನ್‌ ಜೇಠ್ವಾ ಅವರು ಆ ಚಿತ್ರಗಳನ್ನು ಪರಿಶೀಲಿಸಿ, ಸುಡುವ ವೇಳೆಯೇ ಸಂಜೆಯ ಕಡೆಗೆ ಸರಿದಿದೆಯೆಂದು ತಿಳಿಸಿದರು. ಈ ಉಪಗ್ರಹಕ್ಕೂ ಕೊರತೆಯುಂಟು: ದೂರದಿಂದ ನೋಡುವುದರಿಂದ ಸಣ್ಣ ಬೆಂಕಿಗಳು ಅದಕ್ಕೆ ಕಾಣುವುದಿಲ್ಲ.

ಬೆಂಕಿ ಸ್ವಲ್ಪವೂ ಇಳಿದಿಲ್ಲವೆಂಬುದು ನನ್ನ ವಾದವಲ್ಲ. ಎಷ್ಟು ಇಳಿದಿದೆಯೆಂಬುದನ್ನು ಈ ಒಂದು ಸಂಖ್ಯೆ ಹೇಳಲಾರದು ಎಂಬುದಷ್ಟೇ. ಇದಕ್ಕೆ ಉಪಾಯವಿದೆ. ಸುಟ್ಟ ಗದ್ದೆಯ ಕಪ್ಪು ಕಲೆಯು ಮತ್ತೆ ಉಳುವವರೆಗೆ ಉಳಿದಿರುತ್ತದೆ. ಯುರೋಪಿನ ಸೆಂಟಿನೆಲ್‌–2 ಉಪಗ್ರಹಗಳು ಅದನ್ನು 10 ಮೀಟರಿನಷ್ಟು ಸೂಕ್ಷ್ಮವಾಗಿ ತೋರಿಸಬಲ್ಲವು. ಬೆಂಕಿ ಯಾವ ಗಂಟೆಗೆ ಹೊತ್ತಿದರೂ ಕಲೆ ಮರೆಯಾಗದು. ಬೆಂಕಿಯ ಎಣಿಕೆ, ಸುಟ್ಟ ನೆಲದ ವಿಸ್ತಾರ, ಗಾಳಿಯಲ್ಲಿರುವ ಹೊಗೆಯ ಪ್ರಮಾಣ, ಈ ಮೂರನ್ನೂ ಸರ್ಕಾರವು ಒಟ್ಟಿಗೆ ಪ್ರಕಟಿಸತಕ್ಕದ್ದು.

ರೈತನನ್ನು ಹಳಿದು ಸುಮ್ಮನಾಗುವುದೂ ಸಲ್ಲದು. ಅಂತರ್ಜಲವನ್ನು ಉಳಿಸಲೆಂದು 2009ರಲ್ಲಿ ಪಂಜಾಬ್‌ ಮಾಡಿದ ಕಾನೂನಿನಿಂದ ಭತ್ತದ ನಾಟಿ ಜೂನ್‌ ತಿಂಗಳಿಗೆ ಸರಿಯಿತು, ಕಟಾವೂ ತಡವಾಯಿತು. ಗೋಧಿ ಬಿತ್ತುವುದಕ್ಕೆ ಮುನ್ನ ಅವನಿಗೆ ಉಳಿಯುವುದು ಎರಡು ಮೂರು ವಾರಗಳು ಮಾತ್ರ. ಬಾನಿನ ಗುರುತನ್ನೇ ಹಿಡಿದು ದಂಡ ಹಾಕುತ್ತ ಹೋದರೆ ಬೆಂಕಿ ಹಚ್ಚುವ ವೇಳೆ ಬದಲಾದೀತು, ಬೆಂಕಿ ನಿಲ್ಲದು.

ಜ್ವರ ಇಳಿದ ಹೊತ್ತಿನಲ್ಲಷ್ಟೇ ಉಷ್ಣಮಾಪಕವನ್ನಿಟ್ಟು ನೋಡಿ ರೋಗಿ ಗುಣವಾದನೆಂದು ಯಾವ ವೈದ್ಯನೂ ಹೇಳನು. ನಾವೂ ಹಾಗೆ ಹೇಳದಿರೋಣ.