ಬೆನ್ನಿನ ಚೀಲವೂ ಹಿಂದಿರುಗುವ ಧೈರ್ಯವೂ

ಬೆನ್ನಿಗೊಂದು ಚೀಲವನ್ನು ಏರಿಸಿಕೊಂಡು, ಅಗ್ಗದ ವಸತಿಗಳಲ್ಲಿ ತಂಗುತ್ತ, ಬಹುಮಟ್ಟಿಗೆ ಕಾಲ್ನಡೆಯಿಂದಲೇ ಪರದೇಶಗಳನ್ನು ನೋಡಿಬರುವ ಪದ್ಧತಿಯು ಈಗ ನಮ್ಮ ಹೆಣ್ಣುಮಕ್ಕಳಲ್ಲಿಯೂ ಬೆಳೆಯುತ್ತಲಿದೆ. ಇದಕ್ಕೆ ಅವರು ಬ್ಯಾಕ್‌ಪ್ಯಾಕಿಂಗ್ ಎಂದು ಹೆಸರಿಟ್ಟಿರುವರು. ಇಂಥ ಪ್ರಯಾಣಕ್ಕೆ ಮಗಳನ್ನು ಕಳುಹಿಸಬಹುದೇ ಎಂದು ನಮ್ಮನ್ನು ಕೇಳುವ ತಾಯಂದಿರು ಹಲವರು. ಕಳುಹಿಸಬಹುದು, ಆದರೆ ಸಿದ್ಧಪಡಿಸಿ ಕಳುಹಿಸತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ. ಆ ಸಿದ್ಧತೆಯ ಮುಖ್ಯ ಭಾಗವಾದರೋ ಯಾವ ಅಂಗಡಿಯಲ್ಲಿಯೂ ದೊರೆಯುವಂಥದ್ದಲ್ಲ.

ಇದು ಸ್ತ್ರೀಯರಿಗೆ ಹೊಸದಾದ ಸಾಹಸವೆಂದು ಯಾರೂ ಭಾವಿಸಬಾರದು. 1883ರಲ್ಲಿ ಪಂಡಿತಾ ರಮಾಬಾಯಿಯವರು ತಮ್ಮ ಎಳೆಯ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ತೆರಳಿದರು. 1889ರ ನವೆಂಬರಿನಲ್ಲಿ ಅಮೆರಿಕದ ಪತ್ರಿಕಾ ಲೇಖಕಿಯಾದ ನೆಲ್ಲಿ ಬ್ಲೈ ಎಂಬಾಕೆಯು ಒಂದೇ ಒಂದು ಕೈಚೀಲದೊಡನೆ ಹೊರಟು, 72 ದಿವಸಗಳಲ್ಲಿ ಭೂಮಂಡಲವನ್ನು ಸುತ್ತಿ ಮನೆ ಸೇರಿದಳು. ಆ ಚೀಲದಲ್ಲಿ ಆಕೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ಮುಖಕ್ಕೆ ಹಚ್ಚುವ ಕ್ರೀಮಿನ ಭರಣಿಯಂತೆ! ಚೀಲ ಕಟ್ಟುವಾಗ ನಮ್ಮ ಹುಡುಗಿಯರು ಇದನ್ನು ನೆನಪಿಟ್ಟರೆ ಒಳ್ಳೆಯದು.

ವಿಷಯವು ಸ್ಪಷ್ಟವಾಗುವಂತೆ ಒಂದು ದಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನೇಪಾಳದಲ್ಲಿ ಅನ್ನಪೂರ್ಣಾ ಪರ್ವತಗಳನ್ನು ಬಳಸಿಬರುವ ಕಾಲುದಾರಿಯೊಂದುಂಟು. ಭಾರತೀಯರಿಗೆ ಆ ದೇಶಕ್ಕೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟಾಗಲಿ ಚುನಾವಣಾ ಆಯೋಗದ ಗುರುತಿನ ಚೀಟಿಯಾಗಲಿ ಸಾಕು. ದಾರಿಯ ಹಳ್ಳಿಗಳಲ್ಲಿ ಊಟವೂ ಹಾಸಿಗೆಯೂ ದೊರೆಯುತ್ತವೆ. ಈ ಅನುಕೂಲಗಳೇ ಅಪಾಯವನ್ನು ಕಣ್ಣಿಗೆ ಮರೆಮಾಡುತ್ತವೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯು 2,000 ಮೀಟರನ್ನು ಮುಟ್ಟುವದಿಲ್ಲ. ಅನ್ನಪೂರ್ಣಾ ದಾರಿಯು ದಾಟುವ ಥೊರೊಂಗ್ ಲಾ ಎಂಬ ಘಾಟಿಯು 5,416 ಮೀಟರ್ ಎತ್ತರದಲ್ಲಿರುವದು.

ಅಷ್ಟು ಎತ್ತರದಲ್ಲಿ ಪ್ರತಿ ಉಸಿರಿನಲ್ಲಿ ದೇಹಕ್ಕೆ ದೊರೆಯುವ ಆಮ್ಲಜನಕವು ಸಮುದ್ರತೀರದಲ್ಲಿ ದೊರೆಯುವದರ ಸುಮಾರು ಅರ್ಧದಷ್ಟೇ. ಅವಸರದಿಂದ ಏರಿದವರಿಗೆ ತಲೆನೋವು, ವಾಕರಿಕೆ, ನಿದ್ರಾಹೀನತೆ ತೋರುತ್ತವೆ. ಅಲಕ್ಷಿಸಿ ಇನ್ನೂ ಮೇಲಕ್ಕೆ ಹೋದರೆ ಮಿದುಳಿನಲ್ಲಿಯೂ ಶ್ವಾಸಕೋಶದಲ್ಲಿಯೂ ನೀರು ತುಂಬಿ ಪ್ರಾಣಕ್ಕೆ ಕುತ್ತು ಬರಬಹುದು. ಯೌವನವಾಗಲಿ ಆಟದ ಮೈದಾನದ ಬಹುಮಾನಗಳಾಗಲಿ ಇದರಿಂದ ಕಾಪಾಡಲಾರವು. 3,000 ಮೀಟರನ್ನು ಮೀರಿದ ಮೇಲೆ, ಹಿಂದಿನ ರಾತ್ರಿ ಮಲಗಿದ ಸ್ಥಳಕ್ಕಿಂತ 500 ಮೀಟರಿಗೆ ಹೆಚ್ಚು ಎತ್ತರದಲ್ಲಿ ಮಲಗಬಾರದು. ಮೂರು ನಾಲ್ಕು ದಿವಸಗಳಿಗೊಮ್ಮೆ ಏರುವದನ್ನು ನಿಲ್ಲಿಸಿ ಒಂದು ದಿನ ವಿಶ್ರಮಿಸತಕ್ಕದ್ದು. ರೋಗವು ಹೆಚ್ಚಿದರೆ ತಡಮಾಡದೆ ಕೆಳಗಿಳಿಯುವದೇ ಮುಖ್ಯ ಚಿಕಿತ್ಸೆ.

ಹವೆಯ ವಿಷಯವೂ ಹೀಗೆಯೇ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣದ ಬಳಿ ತೀರವನ್ನಪ್ಪಳಿಸಿದ ಹುಡ್‌ಹುಡ್ ಚಂಡಮಾರುತದ ಶೇಷವು ಎರಡು ದಿವಸಗಳ ನಂತರ ಅನ್ನಪೂರ್ಣಾ ಪ್ರಾಂತದಲ್ಲಿ ಹಿಮವಾಗಿ ಸುರಿಯಿತು. ಥೊರೊಂಗ್ ಲಾದ ಸುತ್ತಮುತ್ತಲೂ ನೆರೆಯ ಬೆಟ್ಟಗಳಲ್ಲಿಯೂ 40ಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಪ್ರವಾಸಿಗಳೂ ಇದ್ದರು, ಹೊರೆ ಹೊತ್ತು ಹೊಟ್ಟೆ ಹೊರೆಯುವ ಅಲ್ಲಿಯ ಬಡವರೂ ಇದ್ದರು. ಅಕ್ಟೋಬರ್ ತಿಂಗಳು ಆ ದಾರಿಗೆ ಅತ್ಯುತ್ತಮ ಕಾಲವೆಂದು ಹೆಸರಾದದ್ದು. ಆದುದರಿಂದ ಒಳ್ಳೆಯ ಕಾಲವೆಂಬ ಮಾತನ್ನೇ ನಂಬಿ ನಡೆಯದೆ, ಆ ದಿನದ ವರ್ತಮಾನವನ್ನು ಕೇಳಿ ನಡೆಯಬೇಕು. ವಿದೇಶೀಯರು ಪರವಾನಗಿಯುಳ್ಳ ಮಾರ್ಗದರ್ಶಿಯೊಡನೆ ನಡೆಯತಕ್ಕದ್ದೆಂದು 2023ರ ಏಪ್ರಿಲಿನಿಂದ ನೇಪಾಳದಲ್ಲಿ ನಿಯಮವಾಯಿತು. ಅದನ್ನು ಹಣ ಕೀಳುವ ಉಪಾಯವೆಂದು ಗೊಣಗುವವರಿದ್ದಾರೆ. ನಾವು ಹಾಗೆ ಎಣಿಸುವದಿಲ್ಲ.

ಇನ್ನು ಚೀಲದ ಮಾತು. ಅದರ ತೂಕವು ಹೊರುವವಳ ತೂಕದ ಐದನೆಯ ಒಂದು ಪಾಲನ್ನು ಮೀರಬಾರದು. 50 ಕಿಲೋ ತೂಗುವ ಹುಡುಗಿಗೆ 10 ಕಿಲೋ. ಮನೆಯಲ್ಲಿಯೇ ಕೆಲವು ವಾರ ತೊಟ್ಟು ಪಳಗಿಸಿದ ಬೂಟುಗಳು, ಉಣ್ಣೆಯ ಕಾಲುಚೀಲಗಳು, ಒಂದರ ಮೇಲೊಂದು ತೊಡಬಹುದಾದ ತೆಳು ಉಡುಪುಗಳು, ಮಳೆಯಂಗಿ, ಹಣೆಗೆ ಕಟ್ಟುವ ಟಾರ್ಚು, ಸೀಟಿ, ನೀರು ಶುದ್ಧಮಾಡುವ ಮಾತ್ರೆಗಳು, ಬೇಧಿಯಾದಾಗ ಕುಡಿಯುವ ಓ.ಆರ್.ಎಸ್. ಪುಡಿ, ವೈದ್ಯರು ಬರೆದುಕೊಟ್ಟ ಔಷಧಗಳು ಮತ್ತು ಆ ಚೀಟಿ, ಇವು ಸಾಕು. ಮುಟ್ಟಿನ ದಿನಗಳಿಗೆ ಬೇಕಾದುದನ್ನು ಇಡೀ ಪ್ರಯಾಣಕ್ಕೆ ಸಾಲುವಷ್ಟು ಕಟ್ಟಿಕೊಳ್ಳಬೇಕು. ಇದನ್ನು ನಾಚಿಕೆಯಿಂದ ಮರೆಯಬಾರದು. ಬೆಟ್ಟದ ಹಳ್ಳಿಗಳಲ್ಲಿ ಬ್ಯಾಂಕಿನ ಯಂತ್ರಗಳನ್ನು ನಂಬಲಾಗದು, ಕೈಯಲ್ಲಿ ನೋಟುಗಳಿರಲಿ. ಗುರುತಿನ ಪತ್ರಗಳ ನಕಲುಗಳನ್ನು ಬೇರೆಯಾಗಿಡಬೇಕು, ಒಂದು ಪ್ರತಿ ಮನೆಯಲ್ಲಿರಬೇಕು. ವಿಮಾಪತ್ರವನ್ನು ಸಹಿ ಹಾಕುವ ಮೊದಲು ಓದತಕ್ಕದ್ದು. ಎಷ್ಟು ಎತ್ತರದ ವರೆಗೆ ಅದು ಸಲ್ಲುವದು, ಹೆಲಿಕಾಪ್ಟರಿನ ವೆಚ್ಚವನ್ನು ಕೊಡುವದೋ ಎಂದು ನೋಡಬೇಕು.

ತಂದೆತಾಯಿಗಳು ಮುಖ್ಯವಾಗಿ ಅಂಜುವದು ದುರುಳರಿಗೆ. ಆ ಅಂಜಿಕೆ ಸಕಾರಣವಾದುದೇ. ಹೊಸ ಊರನ್ನು ಹಗಲಿನಲ್ಲಿಯೇ ಸೇರುವದು, ಮೊದಲ ರಾತ್ರಿಯ ವಸತಿಯನ್ನು ಮುಂಚಿತವಾಗಿ ಗೊತ್ತುಮಾಡುವದು, ಮನಸ್ಸಿಗೆ ಒಗ್ಗದ ಸಂಗಡಿಗರನ್ನು ದಾಕ್ಷಿಣ್ಯಕ್ಕೊಳಗಾಗದೆ ಬಿಟ್ಟುಬಿಡುವದು, ಇವನ್ನು ಹುಡುಗಿಯು ಮನೆಯಲ್ಲಿಯೇ ಕಲಿತಿರಬೇಕು. ಎಲ್ಲರ ಮಾತಿಗೂ ತಲೆಬಾಗುವದೇ ಸದ್ಗುಣವೆಂದು ಇಪ್ಪತ್ತು ವರ್ಷ ಬೋಧಿಸಿ, ಆಮೇಲೆ ಪರದೇಶದಲ್ಲಿ ಅವಳು ದೃಢವಾಗಿ 'ಒಲ್ಲೆ' ಎನ್ನಬೇಕೆಂದು ನಿರೀಕ್ಷಿಸುವದು ನ್ಯಾಯವೋ?

ಆದರೂ ಬೆಟ್ಟದಲ್ಲಿ ಹುಡುಗಿಯ ಪ್ರಾಣಕ್ಕೆ ಕುತ್ತಾಗಬಹುದಾದ ಇನ್ನೊಂದು ವೈರಿಯು ಅವಳ ಮನೆಯಲ್ಲಿಯೇ ಹುಟ್ಟುವದೆಂದು ನಾವು ಧೈರ್ಯವಾಗಿ ಹೇಳುವೆವು. 'ನಾವು ಬೇಡವೆಂದೆವು, ನೀನು ಕೇಳಲಿಲ್ಲ' ಎಂಬ ಮಾತು ಕಾದಿದೆಯೆಂದು ಬಲ್ಲವಳು, ತಲೆನೋವಿದ್ದರೂ ಇಲ್ಲವೆನ್ನುವಳು; ಹಣ ಕಳೆದುಹೋದರೂ ತಿಳಿಸಳು; ಆಕಾಶ ಕಪ್ಪಾದರೂ ಹಿಂದಿರುಗಳು. ಘಾಟಿಯನ್ನು ಕಾಣದೆ ಇಳಿದು ಬಂದವಳನ್ನು ಸೋತವಳೆಂದು ನೆಂಟರ ಮುಂದೆ ಹಾಸ್ಯಮಾಡುವ ಮನೆಯು ಅವಳನ್ನು ಮುಂದಿನ ಸಾರಿ ಅಪಾಯಕ್ಕೆ ನೂಕುತ್ತದೆ. ಹಿಂದಿರುಗುವದಕ್ಕೂ ಧೈರ್ಯ ಬೇಕು. ಅದನ್ನು ಕೊಡತಕ್ಕವರು ತಂದೆತಾಯಿಗಳು.

ಆದುದರಿಂದ ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೇ: ಮಗಳು ಹೊರಡುವ ಮುನ್ನ ಅವಳ ಚೀಲವನ್ನು ಅವಳೇ ಕಟ್ಟಲಿ, ಅದನ್ನು ಹೊತ್ತು ಕೆಲವು ದಿನ ಊರಿನ ಗುಡ್ಡವನ್ನು ಹತ್ತಿ ಇಳಿಯಲಿ. ಹಿಂದಿರುಗಲು ಬೇಕಾಗುವ ಹಣವನ್ನು ಬೇರೊಂದು ಲಕೋಟೆಯಲ್ಲಿಟ್ಟು ಕೊಡಿರಿ. ಅದನ್ನು ಯಾವ ದಿನ ಒಡೆದರೂ ಕಾರಣ ಕೇಳುವದಿಲ್ಲವೆಂದು ಮಾತು ಕೊಟ್ಟು ಕಳುಹಿಸಿರಿ. ಆ ಮಾತನ್ನು ನಡೆಸಿರಿ.