ಕಬ್ಬನ್ ಪಾರ್ಕಿನಲ್ಲಿ ಕಬ್ಬು ಎಲ್ಲಿದೆ?

ಮಗಳಿಗೆ ಹನ್ನೊಂದು ತಿಂಗಳು ತುಂಬಿತು. ಅವಳ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಮಾತ್ರ ಇನ್ನೂ ಖಾಲಿ. ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಹೇಳಿ, ಊಟ ಹಾಕಿಸಿ ಎಲ್ಲಾ ಆಗಿದೆ. ಹೆಸರಿನ ಬಗ್ಗೆ ನಮಗೆ ತಕರಾರಿಲ್ಲ. ತಕರಾರಿರೋದು ಅದರ ಬಾಲದ ಬಗ್ಗೆ.

ನಾನು ಧಾರವಾಡದ ಕಡೆಯವಳು. ನಮ್ಮಲ್ಲಿ ಅಡ್ಡಹೆಸರಿಲ್ಲದ ಮನುಷ್ಯ ಇಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ, ಅಂಗಡಿ... ಶಾಲೆಯ ಹಾಜರಿ ಕೂಗಿದರೆ ಕಿರಾಣಿ ಪಟ್ಟಿ ಓದಿದ ಹಾಗಿರುತ್ತಿತ್ತು. ನಮ್ಮದು ‘ಸಕ್ಕರಿ’. ಗಂಡ ಹಾಸನದವರು. ಮದುವೆಗೆ ಮುಂಚೆ “ನಿಮ್ಮ ಅಡ್ಡಹೆಸರೇನು?” ಅಂತ ನಾನು ಕೇಳಿದ್ದಕ್ಕೆ ಅವರು ನಾಚಿಕೊಂಡು, “ಕಾಲೇಜಲ್ಲಿ ಸೊಟ್ಟ ಅಂತಿದ್ರು” ಅಂದಿದ್ದರು. ಅವರ ಕಡೆ ಅಡ್ಡಹೆಸರು ಅಂದರೆ ಗೆಳೆಯರು ಇಟ್ಟ ತಮಾಷೆಯ ಹೆಸರು! ಅವರಿಗಿರೋದು ಎರಡು ಇನಿಷಿಯಲ್ಲು, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಕಾಲಂನಲ್ಲಿ ಅಪ್ಪನ ಹೆಸರು ಹಾಕಿದ್ದಾರೆ. ಈಗ ಆಫೀಸಿನ ವಿದೇಶಿ ಕಾಲ್‌ಗಳಲ್ಲಿ ಎಲ್ಲರೂ ಅವರನ್ನು ಮಿಸ್ಟರ್ ಅಂತ ಸೇರಿಸಿ ಮಾವನ ಹೆಸರಿನಿಂದಲೇ ಕರೆಯುತ್ತಾರೆ. “ಅಪ್ಪ ಹಿಂದೆ ಬಂದು ನಿಂತ್ರೇನೋ ಅನ್ಸುತ್ತೆ” ಅಂತಾರೆ ಇವರು.

ಹಾಗಾದರೆ ಮಗಳ ಹೆಸರಿನ ಕೊನೆಗೆ ಏನು? ಅತ್ತೆಗೆ ಮಗನ ಹೆಸರು ಇರಲಿ ಅಂತ ಆಸೆ. ನನಗೆ ‘ಸಕ್ಕರಿ’ ಬಿಡಲು ಮನಸ್ಸಿಲ್ಲ. ನಮ್ಮಪ್ಪನಿಗೆ ನಾವಿಬ್ಬರೂ ಹೆಣ್ಣುಮಕ್ಕಳು. ಅಕ್ಕ ಮದುವೆಯಾದ ಮೇಲೆ ಹೆಸರು ಬದಲಿಸಿಕೊಂಡಳು. ನಾನು ಬದಲಿಸಿಲ್ಲ, ಆದರೆ ನನ್ನೊಂದಿಗೆ ನಮ್ಮ ಮನೆಯ ಸಕ್ಕರಿ ಮುಗಿಯುತ್ತೆ. ಅಪ್ಪ ಈ ಬಗ್ಗೆ ಯಾವತ್ತೂ ಒಂದು ಮಾತು ಆಡಿಲ್ಲ. ಆಡದೇ ಇರೋದೇ ನನಗೆ ಚುಚ್ಚುತ್ತಿತ್ತು.

ಹೀಗೆ ತಲೆ ಕೆಡಿಸಿಕೊಂಡಿದ್ದ ಒಂದು ಭಾನುವಾರ ಮಗುವನ್ನು ಕರೆದುಕೊಂಡು ಕಬ್ಬನ್ ಪಾರ್ಕಿಗೆ ಹೋದೆವು. ನಾನು ಮೊದಲ ಸಲ ಅಲ್ಲಿಗೆ ಹೋಗಿದ್ದು ಎಂಟು ವರ್ಷದವಳಿದ್ದಾಗ, ಬೇಸಿಗೆ ರಜೆಯಲ್ಲಿ. ಆಗ ಅಪ್ಪನನ್ನು ಕೇಳಿದ್ದೆ, “ಕಬ್ಬು ಎಲ್ಲೈತಿ?” ನನ್ನ ಲೆಕ್ಕ ಸರಿಯಾಗೇ ಇತ್ತು. ಸಕ್ಕರಿ ಮಾರಿದವರು ಸಕ್ಕರಿ, ಬೆಲ್ಲ ಮಾರಿದವರು ಬೆಲ್ಲದ. ಅಂದಮೇಲೆ ಕಬ್ಬನ್ ಅನ್ನೋರು ಕಬ್ಬು ಬೆಳೆದಿರಲೇಬೇಕು! ಅಪ್ಪ ನಕ್ಕು, ಕಬ್ಬಿನ ಹಾಲು ಕೊಡಿಸಿ ಬಾಯಿ ಮುಚ್ಚಿಸಿದ್ದರು.

ಈ ಸಲ ಮಗು ಮರದ ನೆರಳಲ್ಲಿ ನಿದ್ದೆ ಹೋದಾಗ ಮೊಬೈಲ್ ತೆಗೆದು ಹುಡುಕತೊಡಗಿದೆ. ಆಮೇಲೆ ಎರಡು ವಾರ ಮಗು ಮಲಗಿದಾಗೆಲ್ಲ ಅದೇ ಕೆಲಸ. ನನ್ನ ಎಂಟನೇ ವಯಸ್ಸಿನ ಊಹೆ ಅರ್ಧ ಸರಿಯಿತ್ತು. ಕಬ್ಬನ್ ಅನ್ನೋದು ಅಡ್ಡಹೆಸರೇ. ಆದರೆ ಕಬ್ಬಿಗೂ ಅದಕ್ಕೂ ಸಂಬಂಧವಿಲ್ಲ.

ನಾವು ಕಬ್ಬನ್ನರನ್ನು ‘ಇಂಗ್ಲಿಷ್ ದೊರೆ’ ಅಂದುಬಿಡ್ತೀವಿ. ಸರಿಯಾಗಿ ನೋಡಿದರೆ ಅವರು ಇಂಗ್ಲೆಂಡಿನವರಲ್ಲ. ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿ ‘ಐಲ್ ಆಫ್ ಮ್ಯಾನ್’ ಅಂತ ಒಂದು ದ್ವೀಪ ಇದೆ. ಬೈಕ್ ಹುಚ್ಚಿರುವವರಿಗೆ ಗೊತ್ತಿರುತ್ತೆ, 1907ರಿಂದ ಟಿಟಿ ರೇಸ್ ನಡೆಯೋದು ಅಲ್ಲೇ. ವಿಸ್ತೀರ್ಣ 572 ಚದರ ಕಿಲೋಮೀಟರ್, ನಮ್ಮ ಬೆಂಗಳೂರು ನಗರಕ್ಕಿಂತ ಚಿಕ್ಕದು. 2021ರ ಜನಗಣತಿಯಲ್ಲಿ ಇಡೀ ದ್ವೀಪದ ಜನ 84 ಸಾವಿರ. ಅವರಿಗೆ ತಮ್ಮದೇ ಪಾರ್ಲಿಮೆಂಟು ಇದೆ, ತಮ್ಮದೇ ಭಾಷೆಯೂ ಇತ್ತು, ಮ್ಯಾಂಕ್ಸ್ ಅಂತ. ಅದನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯ ವ್ಯಕ್ತಿ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡರು. ಈಗ ಮಕ್ಕಳಿಗೆ ಶಾಲೆಯಲ್ಲಿ ಮತ್ತೆ ಕಲಿಸುತ್ತಿದ್ದಾರೆ.

ಆ ಭಾಷೆಯ ಗುರುತು ಅಲ್ಲಿನ ಅಡ್ಡಹೆಸರುಗಳಲ್ಲಿ ಉಳಿದಿದೆ. ಸ್ಕಾಟ್ಲೆಂಡ್, ಐರ್ಲೆಂಡಿನ ಹಾಗೆ ಇಲ್ಲೂ ‘ಮ್ಯಾಕ್’ ಅಂದರೆ ಮಗ. 16ನೇ ಶತಮಾನದ ಆರಂಭದ ದಾಖಲೆಗಳಲ್ಲಿ ಹೆಚ್ಚುಕಡಿಮೆ ಎಲ್ಲರ ಹೆಸರಿಗೂ ಮ್ಯಾಕ್ ಅಂಟಿಕೊಂಡಿತ್ತು. ಮುಂದಿನ ನೂರು ವರ್ಷದಲ್ಲಿ ಜನರ ಬಾಯಲ್ಲಿ ಅದು ಸವೆಯಿತು. ‘ಮ್ಯಾ’ ಉದುರಿಹೋಗಿ ಕೊನೆಯ ‘ಕ್’ ಮಾತ್ರ ಮುಂದಿನ ಹೆಸರಿಗೆ ಅಂಟಿಕೊಂಡಿತು. ನಮ್ಮ ಕನ್ನಡ ಮೇಷ್ಟ್ರು ಇದ್ದಿದ್ದರೆ ಲೋಪಸಂಧಿ ಅಂತ ಖುಷಿಯಾಗಿ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಮ್ಯಾಕ್ ವಿಲಿಯಂ ಹೋಗಿ ಕ್ವಿಲಿಯಂ ಆದ. ಮ್ಯಾಕ್ ಐಸಾಕ್ ಹೋಗಿ ಕಿಸಾಕ್ ಆದ. ಪಾಲ್‌ನ ಮಗ ಕ್ವೇಲ್ ಆದ. ಅದಕ್ಕೇ ಆ ದ್ವೀಪದ ಹಳೆಯ ಮನೆತನಗಳ ಹೆಸರುಗಳಲ್ಲಿ ಬಹಳಷ್ಟು ‘ಕ’ದಿಂದಲೇ ಶುರು.

ಮ್ಯಾಕ್ ಗಿಬ್ಬನ್ ಹೀಗೇ ಕಬ್ಬನ್ ಆದ. ಗಿಬ್ಬನ್ ಅನ್ನೋದು ಗಿಲ್ಬರ್ಟ್ ಎಂಬ ಹೆಸರಿನ ಮುದ್ದಿನ ರೂಪ. ಕೃಷ್ಣನನ್ನು ನಾವು ಕಿಟ್ಟಿ ಅನ್ನೋ ಹಾಗೆ. ಅಂದರೆ ಕಬ್ಬನ್ ಪಾರ್ಕನ್ನು ಕನ್ನಡಕ್ಕೆ ತಂದರೆ ‘ಕಿಟ್ಟಿ ಮಗನ ತೋಟ’! ಇದನ್ನು ಓದಿ ಹೇಳಿದಾಗ ನಮ್ಮವರು ಎಷ್ಟು ನಕ್ಕರು ಅಂದರೆ ಮಲಗಿದ್ದ ಮಗು ಎದ್ದುಬಿಟ್ಟಿತು.

ನಗು ನಿಂತ ಮೇಲೆ ಅವರೇ ಒಂದು ಮಾತು ಹೇಳಿದರು. “ಅಂದ್ರೆ ಅವರೂ ಮೊದಲು ನಮ್ಮ ಥರಾನೇ ಇದ್ರು. ಪ್ರತಿ ತಲೆಮಾರಿಗೂ ಅಪ್ಪನ ಹೆಸರು ಬದಲಾಗ್ತಿತ್ತು. ಆಮೇಲೆ ಯಾವನೋ ಒಬ್ಬನ ಕಾಲಕ್ಕೆ ಗಟ್ಟಿಯಾಗಿಬಿಡ್ತು.” ಹೌದಲ್ಲ! ಇನಿಷಿಯಲ್ಲು ಪ್ರತಿ ತಲೆಮಾರಿಗೂ ಹೊಸದು, ಅದು ಅಳಿದುಹೋಗುವ ಭಯವೇ ಇಲ್ಲ. ಅಡ್ಡಹೆಸರು ಹಾಗಲ್ಲ. ಒಮ್ಮೆ ಗಟ್ಟಿಯಾಯಿತು ಅಂದರೆ ಅದನ್ನು ಹೊರಲು ಜನ ಬೇಕು, ಜನ ಮುಗಿದರೆ ಹೆಸರೂ ಮುಗಿಯಿತು.

ಹೀಗೆ ಮುಗಿಯೋದರ ಬಗ್ಗೆ ಗಣಿತವೇ ಇದೆ. 1873ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬಾತ ಒಂದು ಪತ್ರಿಕೆಯಲ್ಲಿ ಓದುಗರಿಗೆ ಲೆಕ್ಕ ಹಾಕಿದ. ಮಗನಿಂದ ಮಗನಿಗೆ ಮಾತ್ರ ಹೋಗುವ ಅಡ್ಡಹೆಸರುಗಳು ಎಷ್ಟು ತಲೆಮಾರಿಗೆ ಅಳಿಯುತ್ತವೆ? ಹೆನ್ರಿ ವಾಟ್ಸನ್ ಎಂಬ ಪಾದ್ರಿ ಅದನ್ನು ಬಿಡಿಸಿದ. ಎಲ್ಲ ಹೆಸರೂ ಒಂದಲ್ಲ ಒಂದು ದಿನ ಅಳಿಯುತ್ತೆ ಅಂತ ಅವನು ಕೊಟ್ಟ ತೀರ್ಪು ತಪ್ಪಾಗಿತ್ತು, ಮುಂದೆ ಬಂದವರು ತಿದ್ದಿದರು. ದಾರಿ ಮಾತ್ರ ಸರಿಯಿತ್ತು. ನಾನೂ ಪೆನ್ನು ಹಿಡಿದು ಕೂತೆ. ನೂರು ಮನೆ, ನೂರು ಬೇರೆ ಬೇರೆ ಅಡ್ಡಹೆಸರು ಅಂತ ಇಟ್ಟುಕೊಳ್ಳಿ. ಕಾಲು ಭಾಗದವರಿಗೆ ಗಂಡುಮಕ್ಕಳಿಲ್ಲ, ಅರ್ಧ ಭಾಗದವರಿಗೆ ಒಬ್ಬ ಮಗ, ಉಳಿದ ಕಾಲು ಭಾಗಕ್ಕೆ ಇಬ್ಬರು. ಸರಾಸರಿ ಒಬ್ಬ ಮಗ. ಕೇಳಲು ಎಲ್ಲಾ ಸಮ ಅನ್ನಿಸುತ್ತೆ ಅಲ್ವಾ? ಆದರೂ ಮೊದಲ ತಲೆಮಾರಿಗೇ 25 ಹೆಸರು ಹೋಯ್ತು. ಎರಡನೆಯದಕ್ಕೆ 39. ಮರಿಮಗನ ಕಾಲಕ್ಕೆ 48. ಯಾವ ಯುದ್ಧ, ಯಾವ ರೋಗವೂ ಬೇಕಿಲ್ಲ, ಬರೀ ಅದೃಷ್ಟದಾಟಕ್ಕೇ ಅರ್ಧ ಹೆಸರು ಮಾಯ. ಚಿಕ್ಕ ದ್ವೀಪದ ಹೆಸರು ಅಪರೂಪವಾಗಿರೋದರಲ್ಲಿ ಏನು ಆಶ್ಚರ್ಯ?

ಅಪರೂಪದ ಹೆಸರಿಗೆ ಇನ್ನೊಂದು ಗುಣವಿದೆ. 2009ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಬ್ರಿಟಿಷ್ ಅಡ್ಡಹೆಸರುಗಳ ಗಂಡಸರ ವೈ ಕ್ರೋಮೋಸೋಮ್ ಹೋಲಿಸಿ ನೋಡಿದರು. ಇದೂ ಅಡ್ಡಹೆಸರಿನ ಹಾಗೆ ಅಪ್ಪನಿಂದ ಮಗನಿಗೆ ಮಾತ್ರ ಬರುವಂಥದ್ದು. ಸ್ಮಿತ್ ಅನ್ನೋರು ಐದು ಲಕ್ಷಕ್ಕೂ ಹೆಚ್ಚಿದ್ದಾರೆ. ಸ್ಮಿತ್ ಅಂದರೆ ಕಮ್ಮಾರ, ಪ್ರತಿ ಊರಿಗೂ ಒಬ್ಬ ಇದ್ದ. ಹಾಗಾಗಿ ಇಬ್ಬರು ಸ್ಮಿತ್‌ಗಳು ನೆಂಟರಾಗಿರಬೇಕಿಲ್ಲ. ಆದರೆ ಅಟೆನ್‌ಬರೋದಂಥ ಅಪರೂಪದ ಹೆಸರಿನವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಜನ ಒಂದೇ ಮೂಲಪುರುಷನ ಕಡೆಯವರು ಅಂತ ಗೊತ್ತಾಯಿತು. ಹೌದು, ‘ಗಾಂಧಿ’ ಸಿನಿಮಾ ಮಾಡಿದ ರಿಚರ್ಡ್ ಅಟೆನ್‌ಬರೋ ಅವರ ಅಡ್ಡಹೆಸರೇ. ಹೆಸರು ಎಷ್ಟು ಅಪರೂಪವೋ ಹೊತ್ತವರು ಅಷ್ಟು ಹತ್ತಿರದವರು.

ಇನ್ನು ನಮ್ಮ ಕಬ್ಬನ್. ಮಾರ್ಕ್ ಕಬ್ಬನ್ ಅವರ ತಂದೆ ಆ ದ್ವೀಪದ ಮಾಹೋಲ್ಡ್ ಎಂಬ ಹಳ್ಳಿಯ ಪಾದ್ರಿ. ಸೋದರಮಾವ ಮಾರ್ಕ್ ವಿಲ್ಕ್ಸ್ ಮೈಸೂರಿನ ಇತಿಹಾಸ ಬರೆದವರು. ಕಬ್ಬನ್ 1800ರಲ್ಲಿ ಕಂಪನಿಯ ಸೈನ್ಯ ಸೇರಿ ಮದ್ರಾಸಿಗೆ ಬಂದರು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್. ಬೇಸಿಗೆಗೆ ನಂದಿ ಬೆಟ್ಟದ ಮನೆ, ಈಗ ನಾವು ನೆಹರು ನಿಲಯ ಅನ್ನೋದು. ಮದುವೆ ಆಗಲಿಲ್ಲ. ಅರವತ್ತು ವರ್ಷದ ಮೇಲೆ ಊರಿಗೆ ಅಂತ ಹಡಗು ಹತ್ತಿದವರು ದಾರಿಯಲ್ಲಿ, ಸುಯೆಜ್‌ನಲ್ಲಿ ತೀರಿಕೊಂಡರು. ದೇಹ ಮಾತ್ರ ಮಾಹೋಲ್ಡ್ ಮುಟ್ಟಿತು. ಗಾಲ್ಟನ್ ಲೆಕ್ಕದಲ್ಲಿ ಅವರದು ಸೊನ್ನೆ.

ಮಜಾ ಇರೋದು ಆಮೇಲೆ. 1870ರಲ್ಲಿ ರಿಚರ್ಡ್ ಸ್ಯಾಂಕಿ ಪಾರ್ಕು ಮಾಡಿದಾಗ ಅದಕ್ಕೆ ಇಟ್ಟಿದ್ದು ಇನ್ನೊಬ್ಬ ಅಧಿಕಾರಿಯ ಹೆಸರು, ಮೀಡ್ಸ್ ಪಾರ್ಕ್ ಅಂತ. ಅದು ಇವತ್ತು ಯಾರಿಗೂ ನೆನಪಿಲ್ಲ. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತಾಯಿತು, ಅಧಿಕೃತವಾಗಿ ಇವತ್ತಿಗೂ ಅದೇ. ಕಬ್ಬನ್ನರ ಕುದುರೆ ಮೇಲಿನ ಪ್ರತಿಮೆಯನ್ನೂ 2020ರಲ್ಲಿ ಹೈಕೋರ್ಟ್ ಎದುರಿನಿಂದ ಪಾರ್ಕಿನೊಳಕ್ಕೆ ಸಾಗಿಸಿದರು. ಆದರೂ ಮೆಟ್ರೋದಲ್ಲಿ ಕೂತರೆ ‘ಮುಂದಿನ ನಿಲ್ದಾಣ ಕಬ್ಬನ್ ಪಾರ್ಕ್’. ಅವರು ಆಳಿದವರು, ಪರದೇಶದವರು, ಹೆಸರು ಬದಲಿಸಬೇಕು ಅನ್ನೋ ವಾದ ಒಂದು ಕಡೆ ಇರಲಿ. ನನಗೆ ಹಿಡಿಸಿದ್ದು ಇದು: ಮಕ್ಕಳೇ ಇಲ್ಲದ ಮನುಷ್ಯನ ಹೆಸರನ್ನು, ರಕ್ತಸಂಬಂಧವೇ ಇಲ್ಲದ ಆಟೋದವರು, ಕಂಡಕ್ಟರುಗಳು, ಕಡಲೆಕಾಯಿ ಮಾರೋರು ನೂರೈವತ್ತು ವರ್ಷದಿಂದ ದಿನಾ ಕರೆಯುತ್ತಿದ್ದಾರೆ.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಧೈರ್ಯ ಮಾಡಿ ಕೇಳಿಯೇಬಿಟ್ಟೆ. “ಅಪ್ಪಾ, ಸಕ್ಕರಿ ಅನ್ನೂ ಹೆಸರು ನಮ್ಮಲ್ಲೇ ಮುಗೀತೈತಿ ಅಂತ ನಿನಗ ಬ್ಯಾಸರ ಐತೇನು?”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅದೇನ್ ನಮ್ಮ ಹೆಸರ ಅಲ್ಲಬೇ” ಅಂದರು.

ಅಪ್ಪನ ಅಜ್ಜ ಸಂತೆಯಿಂದ ಸಂತೆಗೆ ಎತ್ತಿನ ಗಾಡಿಯಲ್ಲಿ ಬೆಲ್ಲ, ಸಕ್ಕರೆ ಹೇರಿಕೊಂಡು ಹೋಗುತ್ತಿದ್ದರಂತೆ. ಅದಕ್ಕೂ ಮುಂಚೆ ಮನೆಯವರನ್ನು ಏನಂತ ಕರೀತಿದ್ದರೋ ಅಪ್ಪನಿಗೂ ಗೊತ್ತಿಲ್ಲ. ಅಜ್ಜನನ್ನು ಶಾಲೆಗೆ ಸೇರಿಸಲು ಹೋದಾಗ ಮಾಸ್ತರು ಅಡ್ಡಹೆಸರೇನು ಅಂತ ಕೇಳಿದರು. ಇವರು ತಡವರಿಸಿದರು. “ಸಕ್ಕರಿ ಮಾರತಿ, ಸಕ್ಕರಿ ಅಂತ ಬರೀತೀನಿ ತಗೋ” ಅಂತ ಮಾಸ್ತರು ಬರೆದೇಬಿಟ್ಟರು. ಅಷ್ಟೇ. ನಾನು ಎರಡು ವಾರದಿಂದ ಹೊತ್ತು ತಿರುಗುತ್ತಿದ್ದ ವಂಶದ ಭಾರ, ಒಬ್ಬ ಮಾಸ್ತರರ ಶಾಯಿಯಿಂದ ಶುರುವಾಗಿದ್ದು!

“ಮತ್ತ ಕೂಸಿಗೆ ಅದನ್ನ ಇಡಲ್ಯೋ ಬ್ಯಾಡೋ?” ಅಂದೆ. “ಹೊರಾಕಿ ಆಕಿ. ಹಗರ ಇರೂದು ಇಡು” ಅಂದರು.

ಮರುದಿನ ಫಾರಂ ತುಂಬಿದ್ದು ನಮ್ಮವರೇ. ಮಗಳ ಹೆಸರು, ಮುಂದೆ ಅವರದೊಂದು ಇನಿಷಿಯಲ್ಲು, ಕೊನೆಗೆ ಸಕ್ಕರಿ. “ನನ್ನದು ಒಂದು ತಲೆಮಾರಿನ ಸಾಮಾನು, ಒಂದು ಅಕ್ಷರ ಸಾಕು” ಅಂದರು. ಅತ್ತೆ ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಮಗುವನ್ನು ಎತ್ತಿಕೊಂಡು “ಏನೇ ಸಕ್ಕರೆ” ಅಂದಿದ್ದು ಅಡುಗೆಮನೆವರೆಗೂ ಕೇಳಿಸಿತು. ದೊಡ್ಡವಳಾದ ಮೇಲೆ ಅವಳು ಅದನ್ನು ಇಟ್ಟುಕೊಳ್ಳಲಿ, ಬಿಡಲಿ, ಅವಳಿಷ್ಟ.

ಅಪ್ಪನಿಗೆ ಫಾರಂನ ಫೋಟೋ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂತು. ಹತ್ತು ನಿಮಿಷ ಉತ್ತರ ಇಲ್ಲ. ಆಮೇಲೆ ಒಂದೇ ಸಾಲು: “ಇಂಗ್ಲಿಷಿನಾಗ ಕೆ ಎರಡು ಬರತಾವ, ನೋಡಿ ಬರಸು.”

ನಿಮ್ಮ ಹೆಸರಿನ ಬಾಲದಲ್ಲಿ ಏನಿದೆ? ಮನೆಯ ಹಿರಿಯರನ್ನು ಈ ವಾರ ಒಮ್ಮೆ ಕೇಳಿ ನೋಡಿ. ಯಾವ ಮಾಸ್ತರು ಬರೆದದ್ದೋ ಗೊತ್ತಾದರೆ ನಮಗೂ ಬರೆದು ತಿಳಿಸಿ.